ಮಬ್ಖೂತನ ಬಿಲ್ಲೆ

ನಾಖುದ ಸಾಲ್ಮೀನನ ಅಜ್ಜಿ ಸತ್ತು ಮೂವತ್ತು ವರ್ಷವಾಗಿತ್ತು. ಆದರೂ ಏಡನ್ ಬಂದರಿನಲ್ಲಿ ಅವನನ್ನು ಸಿಕ್ಕಿಸಿಹಾಕಿದವಳು ಅವಳೇ. ನಿಮ್ಮಲ್ಲಿ ಎಷ್ಟು ಜನ ಎಂದು ಯಾರಾದರೂ ಕೇಳಿದರೆ ಸರಿಯಾದ ಲೆಕ್ಕ ಹೇಳಬೇಡ, ಕಣ್ಣು ತಾಗುತ್ತದೆ, ಒಬ್ಬನನ್ನು ಹೆಚ್ಚಿಗೆ ಹೇಳು, ತಾಗುವುದು ಆ ಇಲ್ಲದವನಿಗೆ ತಾಗಲಿ ಎಂದು ಅವಳು ಕಲಿಸಿದ್ದಳು. ಅವರ ಊರಾದ ಶಿಹರ್‌ನ ಕರಾವಳಿಯಲ್ಲಿ ಇದು ಎಲ್ಲ ಮನೆಯ ಪಾಠ. ಅಲ್ಲಿಯ ನಾಖುದರು, ಅಂದರೆ ಹಡಗಿನ ಯಜಮಾನರು, ತಮ್ಮ ಜನವನ್ನು ಬೇರೆ ರೀತಿಯಲ್ಲಿ ಎಣಿಸಿದ್ದೇ ಇಲ್ಲ.

ಹದಿನೈದು ದಿನದ ಹಿಂದೆ ಸಾಲ್ಮೀನ್ ಒಣಮೀನು ತುಂಬಿದ ತನ್ನ ಹಾಯಿಹಡಗು ‘ಮನ್ಸೂರಾ’ವನ್ನು ಏಡನ್ನಿಗೆ ತಂದು ನಿಲ್ಲಿಸಿದಾಗ, ಬಂದರು ಕಚೇರಿಯ ಗುಮಾಸ್ತ ಜಾಮಾಸ್ಪ್‌ಜಿ ತಲೆಯೆತ್ತದೆ ಕೇಳಿದ್ದ: “ಎಷ್ಟು ಜನ?”

ನಾವಿಕರು ಹತ್ತು, ಸಾಲ್ಮೀನ್ ಸೇರಿದರೆ ಹನ್ನೊಂದು. “ದೇವರ ದಯೆ, ಹನ್ನೆರಡು,” ಎಂದು ಬಾಯಿ ತಾನಾಗಿಯೇ ಹೇಳಿಬಿಟ್ಟಿತು.

ಹಿಂದಿನ ವರ್ಷದವರೆಗೆ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಈ ವರ್ಷ ಲಂಡನ್ನಿನಿಂದ ಹೊಸ ಕಾಯಿದೆ ಬಂದಿತ್ತು, ಅದರ ಜೊತೆ ಚೌಕಳಿ ಹಾಕಿದ ಹೊಸ ದಪ್ಪ ಪುಸ್ತಕವೂ ಬಂದಿತ್ತು. ಜಾಮಾಸ್ಪ್‌ಜಿ ಒಬ್ಬೊಬ್ಬರದೇ ಹೆಸರು ಕೇಳಿ ಬರೆಯತೊಡಗಿದ. ಹನ್ನೊಂದು ಹೆಸರು ಮುಗಿದವು, ಲೇಖನಿ ಹನ್ನೆರಡನೆಯ ಚೌಕದ ಮೇಲೆ ನಿಂತಿತು.

“ಹನ್ನೆರಡನೆಯವನು?”

“ಮಬ್ಖೂತ್.” ಅದೃಷ್ಟವಂತ ಎಂಬ ಅರ್ಥದ ಹೆಸರು, ಹೇಗೂ ಇಲ್ಲದವನು, ಒಳ್ಳೆಯ ಹೆಸರನ್ನೇ ಇಟ್ಟರಾಯಿತು ಎಂದುಕೊಂಡ.

“ಗುರುತು?”

“ಎಡಹುಬ್ಬಿನ ಮೇಲೆ ಗಾಯದ ಕಲೆ.” ಆ ಕಲೆ ಸಾಲ್ಮೀನನ ಮಾವನದು. ಅವಸರಕ್ಕೆ ಅದೇ ನೆನಪಾಯಿತು.

ಬರೆದದ್ದೆಲ್ಲ ನಿಜವೆಂದು ಕೈಯೆತ್ತಿ ಪ್ರಮಾಣ ಮಾಡಿಸಿ, ಗುಮಾಸ್ತ ಹನ್ನೆರಡು ಹಿತ್ತಾಳೆ ಬಿಲ್ಲೆ ಎಣಿಸಿ ಕೊಟ್ಟ. ಇನ್ನು ಮುಂದೆ ಬಿಲ್ಲೆ ಇಲ್ಲದವನು ದಡಕ್ಕೆ ಇಳಿಯಕೂಡದು, ಹಡಗು ಹತ್ತಲೂ ಕೂಡದು. ಉಳಿದ ಒಂದು ಬಿಲ್ಲೆಯನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡ ಸಾಲ್ಮೀನ್ ಅದನ್ನು ಮರೆತೇಬಿಟ್ಟ.

ಇವತ್ತು ಸೋಮವಾರ. ಶುಕ್ರವಾರ ಶಿಹರ್‌ನಲ್ಲಿ ಸಾಲ್ಮೀನನ ಒಬ್ಬಳೇ ಮಗಳು ಸಲ್ಮಾಳ ನಿಕಾಹ್. ಕೈಹಿಡಿದು ಕೊಡಲು ತಂದೆ ಬೇಕು. ತಂದೆ ಇಲ್ಲವೆಂದರೆ ಚಿಕ್ಕಪ್ಪ ಆದೀತು, ಆದರೆ ಅವನು ಜಾವಾದಲ್ಲಿ ಅಂಗಡಿ ಇಟ್ಟುಕೊಂಡು ಕೂತಿದ್ದ. ಗಂಡಿನ ಕಡೆಯವರು ಎರಡು ಸಲ ದಿನ ಮುಂದಕ್ಕೆ ಹಾಕಿ, ಮೂರನೆಯ ಸಲಕ್ಕೆ ಬೇರೆ ಹೆಣ್ಣು ನೋಡುತ್ತೇವೆಂದು ಹೇಳಿಕಳಿಸಿದ್ದರು. ಗಾಳಿ ಸರಿಯಾಗಿದ್ದರೆ ಮೂರು ದಿನದ ಹಾದಿ. ಮದುವಣಗಿತ್ತಿಯ ಬಟ್ಟೆಬರೆ, ಅಕ್ಕಿಮೂಟೆ, ಹಿತ್ತಾಳೆ ಮೊಳೆ ಹೊಡೆದ ಪೆಟ್ಟಿಗೆ ಎಲ್ಲ ಹಡಗು ಸೇರಿದ್ದವು. ಬಾಕಿ ಇದ್ದದ್ದು ಹೊರಡುವ ಪರವಾನಗಿ ಒಂದೇ.

ಬೆಳಗ್ಗೆ ಕಚೇರಿಗೆ ಹೋದರೆ ಜಾಮಾಸ್ಪ್‌ಜಿ ಪುಸ್ತಕದ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದ.

“ಹಡಗುಕಟ್ಟೆ ಕಾವಲಿನವನು ನಿನ್ನ ಜನರನ್ನ ಎಣಿಸಿ ಬಂದ, ನಾಖುದಾ. ಹನ್ನೊಂದೇ ತಲೆ. ಮಬ್ಖೂತ್ ಎಲ್ಲಿ?”

ಸಾಲ್ಮೀನ್ ಪ್ರಾಮಾಣಿಕ. ಅಜ್ಜಿಯ ಕತೆಯನ್ನೆಲ್ಲ ಹೇಳಿ, ಕೊನೆಗೆ, “ಅಂಥವನು ಹುಟ್ಟೇ ಇಲ್ಲ, ಮುನ್ಷಿಗಳೇ,” ಎಂದ.

ಗುಮಾಸ್ತ ಕನ್ನಡಕ ತೆಗೆದು ಒರೆಸಿದ. “ಯೋಚನೆ ಮಾಡಿ ಹೇಳು. ಹುಟ್ಟಿಲ್ಲ ಅಂದ್ರೆ ನೀನು ಮಾಡಿದ್ದು ಸುಳ್ಳು ಪ್ರಮಾಣ. ಕಲಂ ಹದಿನಾಲ್ಕು. ಆರು ತಿಂಗಳು ಜೈಲು, ಹಡಗು ಸರ್ಕಾರಕ್ಕೆ. ಈಗ ಹೇಳು, ಹುಟ್ಟಿದಾನೋ ಇಲ್ವೋ?”

“ಹುಟ್ಟಿದಾನೆ,” ಎಂದ ಸಾಲ್ಮೀನ್.

“ಹಾಗೆ ಬಾ ದಾರಿಗೆ. ಎಲ್ಲಿದಾನೆ?”

“ಸತ್ತುಹೋದ ಅಂತ ಬರ್ಕೊಂಡ್ರೆ?”

“ಹೆಣ ಬೇಕು, ಡಾಕ್ಟರ ಕಾಗದ ಬೇಕು, ವಿಚಾರಣೆ ಹತ್ತು ದಿನ.”

“ಓಡಿಹೋದ?”

“ಪೊಲೀಸು ಹುಡುಕಬೇಕು. ಎಂಟು ದಿನ. ಅಲ್ಲೀವರೆಗೆ ಹಡಗು ಅಲ್ಲಾಡೋ ಹಾಗಿಲ್ಲ. ಅಂದಹಾಗೆ, ಅವನ ಬಿಲ್ಲೆ ಎಲ್ಲಿ?”

ಸಾಲ್ಮೀನ್ ಸೊಂಟದಿಂದ ಬಿಲ್ಲೆ ತೆಗೆದು ತೋರಿಸಿದ. ಜಾಮಾಸ್ಪ್‌ಜಿ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡ. “ಬಿಲ್ಲೆ ನಿನ್ನ ಹತ್ರ, ಮನುಷ್ಯ ಎಲ್ಲೂ ಇಲ್ಲ. ನೀನೇ ಏನಾದ್ರೂ ಮಾಡಿಬಿಟ್ಟಿಲ್ಲ ತಾನೇ?”

ಇಲ್ಲದವನನ್ನು ಕೊಂದ ಅಪವಾದವೂ ಬಂದೀತೆಂದು ಸಾಲ್ಮೀನ್ ಹೆದರಿದ. “ಇಲ್ಲೇ ಪೇಟೇಲಿ ಎಲ್ಲೋ ಇದಾನೆ, ಕರ್ಕೊಂಡು ಬರ್ತೀನಿ,” ಎಂದುಬಿಟ್ಟ.

“ಸಂಜೆ ಒಳಗೆ ಹೊರಟರೆ ಹೊರಟೆ, ಇಲ್ಲ ಅಂದ್ರೆ ಎಲ್ಲ ಕಾಗದ ಮೊದಲಿಂದ. ನೀನೂ ತಪ್ಪಿಸ್ಕೊಂಡು ಹೋಗಬಾರದಲ್ಲ, ನಿನ್ನ ಬಿಲ್ಲೆ ಇಲ್ಲಿಡು. ಮಬ್ಖೂತನ ಹೆಸರಿಗೆ ಜಾಮೀನು ಅಂತ ಬರ್ಕೋತೀನಿ.” ಸಾಲ್ಮೀನನ ಬಿಲ್ಲೆ ಕಬ್ಬಿಣದ ಪೆಟ್ಟಿಗೆಯೊಳಗೆ ಬಿತ್ತು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಂತಾಯಿತು ಅವನ ಪಾಡು.

ಮಾಲ್ಲಾ ಕಟ್ಟೆಯ ಮೇಲಿರುವ ನಾಜಿಯ ಚಹದಂಗಡಿಯಲ್ಲಿ ಊರಿನ ಎಲ್ಲ ಕಷ್ಟಕ್ಕೂ ಪರಿಹಾರ ಸಿಗುತ್ತದೆ, ಕೇಳದಿದ್ದರೂ ಸಿಗುತ್ತದೆ. ಸಾಲ್ಮೀನ್ ಬೆಂಚಿನ ಮೇಲೆ ಕುಸಿದು, “ಮಬ್ಖೂತ್ ಅಂತ ಒಬ್ಬ ಬೇಕಾಗಿದಾನೆ,” ಎಂದದ್ದೇ ತಡ, ಸುತ್ತ ಕೂತವರೆಲ್ಲ ಮೈಕೊಡವಿಕೊಂಡು ಎದ್ದರು.

“ಹುಬ್ಬಿನ ಮೇಲೆ ಕಲೆ ಇದೆಯಲ್ಲ, ಅವನೇ ತಾನೇ?” ಎಂದ ಕಚೇರಿಯ ಮುಂದೆ ಮೂಟೆ ಹೊರುವ ಒಬ್ಬ. “ನಿನ್ನೆ ಇಲ್ಲೇ ಚಹ ಕುಡೀತಿದ್ದ.”

“ಚಹ ಎಲ್ಲಿ ಕುಡಿದ? ಲೋಟ ಒಡೆದ,” ಎಂದ ಇನ್ನೊಬ್ಬ. “ಮಹಾ ಕೋಪಿಷ್ಠ.”

“ಪಾಪ, ಹಾಗನ್ಬೇಡಿ. ಅವನ ಹಾಡು ಕೇಳಿದೀರಾ?”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಕಾಲು ಗಂಟೆಯಲ್ಲಿ ಮಬ್ಖೂತನಿಗೆ ಧ್ವನಿ, ಸ್ವಭಾವ, ತವಾಹಿ ಬೀದಿಯಲ್ಲಿ ಒಂದು ಕದ್ದುಮುಚ್ಚಿದ ಪ್ರೇಮ ಎಲ್ಲ ಬಂದುಬಿಟ್ಟವು. ಹಡಗಿನಲ್ಲಿ ಇಷ್ಟು ದಿನ ಅವನು ತನ್ನ ಕಣ್ಣಿಗೇಕೆ ಬೀಳಲಿಲ್ಲ ಎಂದು ಸಾಲ್ಮೀನನಿಗೇ ಒಂದು ಗಳಿಗೆ ಅನುಮಾನವಾಯಿತು.

ನಾಜಿ ಅವನನ್ನು ಒಲೆಯ ಹಿಂದಕ್ಕೆ ಎಳೆದುಕೊಂಡು ಹೋದ. “ಅಣ್ಣಾ, ನಿಮ್ಮ ಶಿಹರ್‌ನವರ ಕತೆ ನಂಗೊತ್ತಿಲ್ವಾ? ಅಜ್ಜಿ ಲೆಕ್ಕ ತಾನೇ? ಈ ವರ್ಷ ನೀನು ನಾಲ್ಕನೆಯವನು. ನನ್ನ ಹೆಂಡತಿ ತಮ್ಮ ಮುಸಾದ್ ಇದಾನೆ, ಕರ್ಕೊಂಡು ಹೋಗು. ಅವನೇ ನಿನ್ನ ಮಬ್ಖೂತ್.”

“ಅವನಿಗೆ ಸಮುದ್ರ ಗೊತ್ತಾ?”

“ಅನ್ನ ಗೊತ್ತು. ಆರು ತಿಂಗಳಿಂದ ನಮ್ಮನೇಲಿ ಬೇರೆ ಏನೂ ಮಾಡಿಲ್ಲ. ವಾಪಸ್ ಮಾತ್ರ ಕಳಿಸಬೇಡ.”

ಮುಸಾದ್ ಮಲಗಿದ್ದಲ್ಲಿಂದ ಎದ್ದು ಬಂದ. ಒಳ್ಳೆಯ ಆಳು, ಹುಬ್ಬು ಮಾತ್ರ ನುಣ್ಣಗಿತ್ತು. ಸೌಟನ್ನು ಕಾಯಿಸಿ ಒಂದು ಕಲೆ ಮಾಡಿಬಿಡುತ್ತೇನೆಂದು ನಾಜಿ ಉತ್ಸಾಹದಿಂದ ಹೊರಟ. ಮುಸಾದ್ ಅದನ್ನು ನೋಡಿದವನೇ ಅಂಗಡಿಯಿಂದ ಓಡಿದ, ಓಡುವಾಗ ತಗ್ಗು ಬಾಗಿಲಿಗೆ ಹಣೆ ಚಚ್ಚಿಕೊಂಡ. ಹುಬ್ಬು ಒಡೆದು ರಕ್ತ ಬಂತು. ಸಾಲ್ಮೀನ್ ದೇವರನ್ನು ನೆನೆದ. ಆಮೇಲೆ ನೋಡಿದರೆ ಒಡೆದದ್ದು ಬಲಹುಬ್ಬು.

ಕಚೇರಿಯಲ್ಲಿ ಜಾಮಾಸ್ಪ್‌ಜಿ ಮುಸಾದನ ಮುಖವನ್ನೂ ಪುಸ್ತಕವನ್ನೂ ಮೂರು ಸಲ ನೋಡಿದ. “ಇಲ್ಲಿ ಎಡ ಅಂತಿದೆ. ಇದು ಬಲ.”

ಮಗಳು ಮೆಹೆಂದಿ ಹಚ್ಚಿಕೊಂಡು ಬಾಗಿಲು ನೋಡುತ್ತಿರುವುದು ಸಾಲ್ಮೀನನ ಕಣ್ಣಮುಂದೆ ಬಂತು. ಆ ಸಂಕಟದಲ್ಲಿ ಅವನಿಗೆ ಜೀವಮಾನದಲ್ಲಿ ಹೊಳೆಯದ ಮಾತು ಹೊಳೆಯಿತು. “ಮುನ್ಷಿಗಳೇ, ನೀವು ಕೂತ ಕಡೆಯಿಂದ ಅದು ಎಡವೇ ಅಲ್ವಾ? ಪುಸ್ತಕ ಬರೆಯೋರು ನೀವು ತಾನೇ?”

ಗುಮಾಸ್ತ ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದ. ಸರ್ಕಾರ ನೋಡುವ ಕಡೆಯಿಂದ ಯಾವುದು ಎಡವೋ ಅದೇ ಎಡ ಎನ್ನುವುದು ಅವನಿಗೂ ನ್ಯಾಯವಾಗಿ ಕಂಡಿತು. ಪರವಾನಗಿಗೆ ಮೊಹರು ಬಿತ್ತು. ಬೀಸುವ ದೊಣ್ಣೆ ತಪ್ಪಿತು ಎಂದು ಸಾಲ್ಮೀನ್ ಉಸಿರುಬಿಟ್ಟ.

“ನಿನ್ನ ಬಿಲ್ಲೆ ಪೆಟ್ಟಿಗೇಲಿದೆ, ಬೀಗದಕೈ ಬಂದರಿನ ಇಂಗ್ಲಿಷ್ ದೊರೆ ಹತ್ರ. ದೊರೆ ಊಟಕ್ಕೆ ಹೋಗಿದಾರೆ. ನಿನ್ನ ಜನರನ್ನ ಹಡಗಿಗೆ ಹತ್ತಿಸಿ ಬಂದು ಕೂತಿರು.”

ಸಾಲ್ಮೀನ್ ಮಬ್ಖೂತನ ಬಿಲ್ಲೆಯನ್ನು ಮುಸಾದನಿಗೆ ಕೊಟ್ಟು, ಹತ್ತು ನಾವಿಕರನ್ನೂ ಅವನನ್ನೂ ದೋಣಿಯಲ್ಲಿ ಕಳಿಸಿದ. ಮುಸಾದ್ ದೋಣಿಯಲ್ಲಿಯೇ ವಾಂತಿ ಮಾಡತೊಡಗಿದ. ಮೊಹರಿನ ಪರವಾನಗಿಯನ್ನು ಹಿರಿಯ ನಾವಿಕ ಜುಮಾನನ ಕೈಗೆ ಕೊಟ್ಟು, “ಹಾಯಿ ಬಿಚ್ಚಿ ಇಟ್ಕೊಂಡಿರು, ಗಳಿಗೇಲಿ ಬಂದೆ,” ಎಂದು ಹೇಳಿ ಕಚೇರಿಯ ಮೆಟ್ಟಿಲ ಮೇಲೆ ಕೂತ. ದೊರೆಯ ಊಟ ಮುಗಿಯಿತು, ನಿದ್ದೆ ಶುರುವಾಯಿತು. ಮೂರೂವರೆಗೆ ಬೀಗದಕೈ ಬಂತು. ಅದರ ಹಿಂದೆಯೇ ಹವಲ್ದಾರ ಗಾನಿಮ್ ಒಬ್ಬ ಬಡಕಲು ಮನುಷ್ಯನ ರಟ್ಟೆ ಹಿಡಿದುಕೊಂಡು ಬಂದ.

“ತಗೊಳ್ಳಿ ನಿಮ್ಮ ಮಬ್ಖೂತ್,” ಎಂದ ಹವಲ್ದಾರ. “ಚಹದಂಗಡಿ ನಾಜಿ ಬೆಳಗ್ಗೆನೇ ಹೇಳಿಕಳಿಸಿದ್ದ, ಹುಬ್ಬಿನ ಮೇಲೆ ಕಲೆ ಇರೋನು ಸಿಕ್ಕಿದ್ರೆ ಹಿಡ್ಕೊಂಡು ಬನ್ನಿ ಅಂತ. ಮೀನುಕಟ್ಟೇಲಿ ಅಡಗಿದ್ದ. ಬಿಲ್ಲೆ ಇಲ್ಲ. ಎಡಹುಬ್ಬು ನೋಡಿ.”

ಎಡಹುಬ್ಬಿನ ಮೇಲೆ ಹಳೆಯ, ಸ್ಪಷ್ಟವಾದ, ಯಾವ ಕಡೆಯಿಂದ ನೋಡಿದರೂ ಎಡವೇ ಆದ ಕಲೆ ಇತ್ತು.

“ನೀನು ಮಬ್ಖೂತನಾ?” ಎಂದ ಗುಮಾಸ್ತ.

“ಹೌದು ಸ್ವಾಮಿ, ನಾನೇ,” ಎಂದು ಅವನು ಕೈಮುಗಿದ. “ಈ ನಾಖುದನ ಹಡಗಿನವನು. ಓಡಿಹೋಗಿದ್ದು ತಪ್ಪಾಯ್ತು. ನನ್ನನ್ನ ಈಗಲೇ ಹತ್ತಿಸಿಬಿಡಿ.” ಆಮೇಲೆ ಸಾಲ್ಮೀನನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದ: “ಇಲ್ಲ ಅನ್ಬೇಡಿ ಯಜಮಾನರೇ. ಎಂಟು ತಿಂಗಳಾಯ್ತು, ನನ್ನ ಹಡಗು ನನ್ನನ್ನ ಬಿಟ್ಟು ಹೋಗಿ. ಹಡಗಿಲ್ಲದವನು ಊರಲ್ಲಿರಬಾರದು ಅಂತ ಹಿಡೀತಾರೆ, ಬಿಲ್ಲೆ ಇಲ್ಲದವನು ಹಡಗು ಹತ್ತಬಾರದು ಅಂತ ಬಿಡ್ತಾರೆ. ಮನೇಲಿ ಮಕ್ಕಳು ನನ್ನ ಮುಖ ಮರೆತಿರ್ತಾರೆ.”

ಮಕ್ಕಳ ಮಾತು ಕೇಳಿ ಸಾಲ್ಮೀನನಿಗೆ ಸಲ್ಮಾಳ ನೆನಪಾಯಿತು. ಇಲ್ಲ ಎನ್ನಲು ಬಾಯಿಯೂ ಬರಲಿಲ್ಲ. ಎಂದರೂ ಹಾಗಾದರೆ ಮೊದಲು ಹೋದವನು ಯಾರು ಎಂಬ ಪ್ರಶ್ನೆ ಹಿಂದೆಯೇ ಬರುತ್ತಿತ್ತು.

ಆ ಪ್ರಶ್ನೆ ಸಾಲ್ಮೀನನಿಗಿಂತ ಹೆಚ್ಚು ಜಾಮಾಸ್ಪ್‌ಜಿಯನ್ನು ಹೆದರಿಸಿತ್ತು. ಬಲಹುಬ್ಬಿಗೆ ಮೊಹರು ಒತ್ತಿದ ಕೈ ಅವನದು. ಅವನು ಬೆರಳು ಮಡಿಸಿ ಎಣಿಸಿದ, ಪುಸ್ತಕ ನೋಡಿದ, ಮತ್ತೆ ಎಣಿಸಿದ. ನಿಧಾನವಾಗಿ ಮುಖ ಅರಳಿತು.

“ಬಂದವರು ಹನ್ನೆರಡು. ಹೋಗಬೇಕಾದವರು ಹನ್ನೆರಡು. ಹಡಗಲ್ಲಿ ಈಗ ಹನ್ನೊಂದು ಜನ ಇದಾರೆ, ಇವನು ಹೋದ್ರೆ ಹನ್ನೆರಡು. ಕಾಯಿದೆ ಪ್ರಕಾರ ಕೂದಲೆಳೆಯಷ್ಟೂ ತಪ್ಪಿಲ್ಲ.” ಪೆಟ್ಟಿಗೆಯ ಬೀಗ ತೆಗೆದು ಸಾಲ್ಮೀನನ ಬಿಲ್ಲೆಯನ್ನು ಆ ಬಡಕಲು ಮನುಷ್ಯನ ಕೈಗಿಟ್ಟ. “ಮಬ್ಖೂತನ ಹೆಸರಿಗೆ ಇಟ್ಟಿದ್ದು. ಮಬ್ಖೂತ್ ಬಂದ, ಕೊಟ್ಟೆ.”

“ಅದು ನನ್ನದು ಮುನ್ಷಿಗಳೇ. ನಾನು?”

“ನೀನು ಹದಿಮೂರನೆಯವನು. ನಿನ್ನನ್ನ ಯಾವ ಚೌಕದಲ್ಲಿ ಬರೀಲಿ?”

ಸಾಲ್ಮೀನ್ ಕಟ್ಟೆಗೆ ಓಡಿದ. ಕಾವಲಿನವನು ಅಡ್ಡ ಕೈಯಿಟ್ಟು ಬಿಲ್ಲೆ ಕೇಳಿದ. ಅವನೊಡನೆ ಜಗಳವಾಡುತ್ತಿರುವಾಗಲೇ ಬಡಕಲು ಮನುಷ್ಯ ಬಿಲ್ಲೆ ತೋರಿಸಿ ದೋಣಿ ಹತ್ತಿದ. ಹನ್ನೆರಡು ತಲೆ ಭರ್ತಿಯಾದ ಕೂಡಲೇ ಬಂದರಿನ ಉಗಿದೋಣಿ ಕೂಗು ಹಾಕಿ, ಪರವಾನಗಿ ಆದ ಹಡಗು ಇಲ್ಲಿ ನಿಲ್ಲಕೂಡದೆಂದು ‘ಮನ್ಸೂರಾ’ವನ್ನು ಹೊರಕ್ಕೆ ಅಟ್ಟಿತು.

“ನಾಖುದಾ, ಬರ್ತೀರೋ ಇಲ್ವೋ?” ಎಂದು ಜುಮಾನ್ ದೂರದಿಂದ ಕೂಗಿದ. ಗಾಳಿ ಸರಿಯಾಗಿತ್ತು, ಹಾಯಿ ಉಬ್ಬಿತು. ಮಗಳ ಬಟ್ಟೆ, ಅಕ್ಕಿ, ಪೆಟ್ಟಿಗೆ, ನಾಜಿಯ ಭಾವಮೈದುನ ಎಲ್ಲರೂ ಮದುವೆಗೆ ಹೊರಟುಹೋದರು. ಸಾಲ್ಮೀನ್ ಕಟ್ಟೆಯ ಮೇಲೆ ಕೂತು ಎಲ್ಲರೆದುರಿಗೇ ಅತ್ತುಬಿಟ್ಟ.

ಹವಲ್ದಾರ ಬಂದು ಪಕ್ಕದಲ್ಲಿ ನಿಂತ. “ಹಡಗಿಲ್ಲದ ನಾವಿಕ ಬಂದರಲ್ಲಿ ಕೂರಬಾರದು. ನಿನ್ನ ಮುಖ ನೋಡಿ ಬೆಳಗಿನವರೆಗೆ ಬಿಡ್ತೀನಿ.”

ನಾಜಿ ಚಹ ಹಿಡಿದುಕೊಂಡು ಬಂದ. ಭಾವಮೈದುನ ತೊಲಗಿದ ಖುಷಿ ಅವನಿಗೆ. “ಅಳಬೇಡ ಅಣ್ಣಾ. ಅಲ್ಲಿ ನೋಡು, ಈಗ ತಾನೇ ಒಂದು ಹಡಗು ಬಂತು. ನಿಮ್ಮ ಕಡೆಯದೇ. ನೀರು ತುಂಬಿಸ್ಕೊಂಡು ನಾಳೆ ಬೆಳಗ್ಗೆ ಶಿಹರ್‌ಗೆ ಹೊರಡುತ್ತೆ. ಶುಕ್ರವಾರ ನಮಾಜಿಗೆ ಮುಂಚೆ ಊರಲ್ಲಿರ್ತೀಯ.”

“ಬಿಲ್ಲೆ?”

“ಅವನಿಗೂ ಒಬ್ಬಳು ಅಜ್ಜಿ ಇದ್ದೇ ಇರ್ತಾಳಲ್ಲ.”

ಸಾಲ್ಮೀನ್ ಕಣ್ಣೊರೆಸಿಕೊಂಡು ಕಚೇರಿಯ ಕಿಟಕಿಯ ಕೆಳಗೆ ಹೋಗಿ ನಿಂತ. ಒಳಗೆ ಹೊಸ ನಾಖುದ ಪ್ರಮಾಣಕ್ಕೆ ಕೈಯೆತ್ತುವ ಮೊದಲು ಹೆಸರುಗಳನ್ನು ಹೇಳುತ್ತಿದ್ದ. ಎಂಟು ಹೆಸರು ಸರಾಗವಾಗಿ ಬಂದವು. ಒಂಬತ್ತನೆಯದಕ್ಕೆ ಅವನು ಕೆಮ್ಮಿದ. ಸಾಲ್ಮೀನ್ ಕಿಟಕಿಗೆ ಕಿವಿಗೊಟ್ಟ.

“ಒಂಬತ್ತನೆಯವನು… ಸಾಲಿಮ್,” ಎಂದ ಹೊಸ ನಾಖುದ.

“ಗುರುತು?” ಎಂದ ಜಾಮಾಸ್ಪ್‌ಜಿ.

“ಮುಂದಿನ ಎರಡು ಹಲ್ಲು ಇಲ್ಲ.”

ಸಾಲ್ಮೀನ್ ತನ್ನ ಮೂವತ್ತೆರಡು ಗಟ್ಟಿ ಹಲ್ಲುಗಳ ಮೇಲೆ ನಾಲಿಗೆ ಆಡಿಸಿದ. ಸಮುದ್ರದ ಕಡೆ ಒಮ್ಮೆ ನೋಡಿದ. ಆಮೇಲೆ ನಾಜಿಯ ಕಡೆ ತಿರುಗಿ, ಈ ಊರಲ್ಲಿ ಹಲ್ಲು ಕೀಳುವ ಕ್ಷೌರಿಕನ ಅಂಗಡಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ಕೇಳಿದ.