ಮಿಲ್ಲಿಗೆ ಬಂದ ಅಜೈಲ್

ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ನಡೆಸುವವಳು ನಗುವುದಕ್ಕೆ ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಗೇಟು ತೆಗೆದು ಕೂತರೆ ಸಾಕು. ಈ ಸಲ ಶೇಂಗಾ ತರುವವರಿಗೆ ಫೋನಿನಲ್ಲೇ ಪಾಳಿಯ ಟೋಕನ್ ಕೊಡೋಣವೆಂದು ದುರ್ಗದಿಂದ ಸಾಫ್ಟ್‌ವೇರ್ ತಂಡವೊಂದನ್ನು ಕರೆಸಿದ್ದೆ. ಸುಗ್ಗಿಯೊಳಗೆ ಅದು ಸರಿಹೋಗದಿದ್ದರೆ ಟ್ರ್ಯಾಕ್ಟರುಗಳು ಎದುರಿನ ಮಿಲ್ಲಿಗೆ ತಿರುಗುತ್ತವೆ. ತಮ್ಮದು ಅಜೈಲ್ ಪದ್ಧತಿ, ಸೋಲುವ ಮಾತೇ ಇಲ್ಲ ಎಂದ ತಂಡದ ಮುಖ್ಯಸ್ಥ. ನಾನು ಶಾಲೆ ಬಿಟ್ಟ ಮೇಲೆ ಓದು ಕಲಿತವಳು. ಆ ಪದ್ಧತಿಯ ಪುಸ್ತಕ ತರಿಸಿ, ನಿಘಂಟು ಹಿಡಿದು ಓದಿದೆ. ಅನುಮಾನ ಹೆಚ್ಚಾಯಿತು.

ನಿಂತು ಮಾತಾಡುವುದು

ದಿನಾ ಬೆಳಿಗ್ಗೆ ಅವರೆಲ್ಲ ಅಂಗಳದಲ್ಲಿ ದುಂಡಗೆ ನಿಂತು, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ ಎಂದು ಒಬ್ಬೊಬ್ಬರಾಗಿ ಮೆಲ್ಲಗೆ ಹೇಳಿಕೊಳ್ಳಬೇಕಂತೆ. ಕೂತರೆ ಮಾತು ಬೆಳೆಯುತ್ತದಂತೆ. ಹಾಗೆ ತಲೆ ತಗ್ಗಿಸಿ ನಿಂತವರನ್ನು ನೋಡಿ ನಮ್ಮ ಹಮಾಲರು ಚೀಲ ಇಳಿಸಿ, ತಲೆಯ ಟವೆಲ್ ತೆಗೆದು ತಾವೂ ಹಿಂದೆ ನಿಂತರು. ಹಿರಿಯ ಹಮಾಲ ನನ್ನ ಹತ್ತಿರ ಬಂದು ಪಿಸುಗುಟ್ಟಿದ:

"ಯಾರು ಹೋಗ್ಬಿಟ್ರು ಅಕ್ಕಾ? ಮಣ್ಣು ಎಷ್ಟೊತ್ತಿಗೆ?"

ತುಂಡು ತುಂಡಾಗಿ

ಎರಡು ವಾರಕ್ಕೊಮ್ಮೆ ಒಂದೊಂದು ತುಂಡು ಮಾಡಿ ತೋರಿಸುವುದು ಅವರ ನಿಯಮ. ಮೊದಲ ತುಂಡಿನಲ್ಲಿ ಮಿಲ್ಲಿನ ಚಿತ್ರ, ಪಕ್ಕದಲ್ಲಿ ನನ್ನ ಫೋಟೊ. ಟೋಕನ್ ಎಲ್ಲಿ ಎಂದರೆ ಮುಂದಿನ ತುಂಡಿಗೆ. ಹಾಗಾದರೆ ನಾನೂ ರೈತನಿಗೆ ಈ ವಾರ ಹಿಂಡಿ ಕೊಟ್ಟು, ಎಣ್ಣೆಗೆ ಮುಂದಿನ ವಾರ ಬಾ ಅನ್ನಲೇ ಎಂದು ರೇಗಿದೆ. ಮುಖ್ಯಸ್ಥನ ಮುಖ ಅರಳಿತು.

"ಕರೆಕ್ಟ್ ಮೇಡಂ. ನಿಮಗೆ ಅಜೈಲ್ ಅರ್ಥ ಆಗ್ಬಿಟ್ಟೈತೆ."

ಪಾಳಿ

ಅಂತೂ ಟೋಕನ್ನಿನ ತುಂಡೂ ಬಂತು. ಸುಗ್ಗಿ ಶುರುವಾದ ದಿನ ಬಿ.ಜಿ. ಕೆರೆ ಕಡೆಯ ಟ್ರ್ಯಾಕ್ಟರುಗಳು ಗೇಟಿನಲ್ಲಿ ಕಾಯುತ್ತಿದ್ದವು. ಅವಕ್ಕೆ ಟೋಕನ್ನೇ ಇಲ್ಲ. ಎಲ್ಲವನ್ನೂ ಪರಶುರಾಂಪುರದ ಕಡೆಯವರು ಮನೆಯಲ್ಲಿ ಕೂತು ಫೋನಿನಲ್ಲಿ ಹಿಡಿದಿದ್ದರು. ಅವರಲ್ಲಿ ಒಬ್ಬರೂ ಬಂದಿರಲಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಜನ ನಾವು. ಇದು ಪುಸ್ತಕದಲ್ಲಿ ಇರಲಿಲ್ಲ. ಮೊದಲ ಟೋಕನ್ನಿನವನಿಗೆ ಫೋನು ಮಾಡಿದೆ.

"ಹೊಲದಾಗಿದೀನಿ ಅಕ್ಕಾ, ಇನ್ನೂ ಗಿಡ ಕೀಳ್ತಾ ಇದೀವಿ. ಪಾಳಿ ಮಾತ್ರ ಬಿಡಬ್ಯಾಡ್ರಿ."

ನಾನು ಗೇಟು ಹಾರುಹೊಡೆದು, ಟೋಕನ್ ಬಿಟ್ಟು ಒಳಗೆ ಬನ್ನಿ ಎಂದು ಕೂಗುವಷ್ಟರಲ್ಲಿ ಅರ್ಧ ಟ್ರ್ಯಾಕ್ಟರುಗಳು ಎದುರಿನ ಮಿಲ್ಲಿಗೆ ತಿರುಗಿದ್ದವು. ನಿಮ್ಮ ಪದ್ಧತಿ ಗೆದ್ದಿತೋ ಸೋತಿತೋ ಎಂದು ಮುಖ್ಯಸ್ಥನನ್ನು ನೇರವಾಗಿ ಕೇಳಿದೆ. ಅವನು ಪರದೆ ನೋಡಿಯೇ ಹೇಳಿದ:

"ಸಾಫ್ಟ್‌ವೇರ್ ಗೆದ್ದೈತೆ ಮೇಡಂ. ನಿಂತಿದ್ದು ಮಿಲ್ಲು ಅಷ್ಟೇ."

ಆಮೇಲೆ ಸ್ವಲ್ಪ ಹಿಂಜರಿಯುತ್ತ ಇನ್ನೊಂದು ವಿಷಯ ತೆಗೆದ. ನಮ್ಮ ಟೋಕನ್ ಬೆಳಿಗ್ಗೆಯೇ ಖಾಲಿಯಾಯಿತೆಂದು ಕೇಳಿ, ಎದುರಿನ ಮಿಲ್ಲಿನವರೂ ಇದೇ ಬೇಕು ಎನ್ನುತ್ತಿದ್ದಾರಂತೆ. ನನ್ನ ಒಪ್ಪಿಗೆ ಇಲ್ಲದೆ ಕೊಡುವುದಿಲ್ಲವಂತೆ.

"ನೆರೆಯವರನ್ನ ಅಷ್ಟು ದೂರ ಮಾಡಬಾರದು ಕಣಪ್ಪಾ," ಅಂದೆ. "ಸುಗ್ಗಿ ಮುಗಿಯೋದ್ರೊಳಗೆ, ಇವತ್ತೇ ಕೊಟ್ಟು ಬಾ."