ಕಳಪೆ ಪಂದ್ಯವೊಂದನ್ನು ಬಿಟ್ಟು ಎಣಿಸುವುದು

ಇದನ್ನು ಹೇಳಿಬಿಡಬೇಕೆಂದು ಹಲವು ವರ್ಷಗಳಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಹೇಳದಿರಲು ಒಂದಲ್ಲ ಒಂದು ನೆಪ ಸಿಗುತ್ತಲೇ ಬಂದಿದೆ. ಮುಂದೂಡುವ ವಿದ್ಯೆಯಲ್ಲಿ ನನ್ನ ಕೈ ಚೆನ್ನಾಗಿ ಪಳಗಿದೆ. ಸೇಲಂನ ನಮ್ಮ ಮನೆಯ ಬಚ್ಚಲಿನ ನಲ್ಲಿ ಎಂದಿನಿಂದ ಸೋರುತ್ತಿದೆಯೋ ನೆನಪಿಲ್ಲ. ನಾಳೆ ಸರಿಮಾಡಿಸುತ್ತೇನೆ ಎಂದೆ. ನನ್ನ ಹೆಂಡತಿ ಕಾದು ಸಾಕಾಗಿ ಅದರ ಕೆಳಗೆ ಬಕೆಟ್ ಇಟ್ಟಳು, ಆ ನೀರನ್ನು ಕರಿಬೇವಿನ ಗಿಡಕ್ಕೆ ಹಾಕತೊಡಗಿದಳು, ಗಿಡ ಈಗ ಮರವಾಗಿದೆ. ನಲ್ಲಿ ಸರಿಮಾಡಿಸಿದರೆ ಕರಿಬೇವು ಒಣಗುತ್ತದೆ ಎಂಬ ಹೊಸ ಕಾರಣ ನನಗೆ ಸಿಕ್ಕಿದೆ. ಎಡಗಣ್ಣಿನ ಪೊರೆಯ ಕತೆಯೂ ಅಷ್ಟೇ. ಇನ್ನಷ್ಟು ಬಲಿಯಲಿ ಎಂದು ವೈದ್ಯರು ಒಮ್ಮೆ ಹೇಳಿದ್ದರು. ಆ ಮಾತನ್ನು ಭದ್ರವಾಗಿ ಹಿಡಿದುಕೊಂಡು ಕೂತಿದ್ದೇನೆ, ಅದು ಬಲಿಯುತ್ತಲೇ ಇದೆ. ಆದರೆ ನಲ್ಲಿಯಾಗಲಿ ಕಣ್ಣಾಗಲಿ ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಕಾಡುವುದು ದೋಣಿ ಪಂದ್ಯದ ಒಂದು ಕೂಡಿಸುವ ಲೆಕ್ಕ.

ದೋಣಿಗೂ ನನಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೇಳಬೇಕಾದ್ದೇ. ನಾನು ಕೆಲಸ ಮಾಡಿದ್ದು ಜವ್ವರಿಸಿ, ಎಂದರೆ ಸಬ್ಬಕ್ಕಿ, ಮಾಡುವ ಕಾರ್ಖಾನೆಯೊಂದರಲ್ಲಿ, ಮರಗೆಣಸಿನ ಲಾರಿಗಳನ್ನು ತೂಗುವ ಕಡೆ. ಅಲ್ಲಿ ಜಾಸ್ತಿ ಎಂದರೆ ಜಾಸ್ತಿ, ಕಡಿಮೆ ಎಂದರೆ ಕಡಿಮೆ. ನಿವೃತ್ತನಾಗುವವರೆಗೂ ಇದರಲ್ಲಿ ಯಾವ ಅನುಮಾನವೂ ಬಂದಿರಲಿಲ್ಲ. ಅನುಮಾನ ತಂದವಳು ಮಗಳ ಮಗಳು ನಿಲಾ. ಮಗಳ ಸಂಸಾರ ಚೆನ್ನೈಯಲ್ಲಿದೆ. ಅಲ್ಲಿ ಮಕ್ಕಳಿಗೆ ಸಮುದ್ರದಲ್ಲಿ ಹಾಯಿದೋಣಿ ನಡೆಸಲು ಕಲಿಸುತ್ತಾರಂತೆ. ಇವಳೂ ಸೇರಿದಳು. ಮೊದಲ ಪಂದ್ಯಾವಳಿ ಮುಗಿದ ದಿನ ಫೋನು ಮಾಡಿ, "ಎಷ್ಟು ಪಾಯಿಂಟು ಬಂತಮ್ಮ?" ಎಂದೆ.

"ಐವತ್ತೆಂಟು ತಾತ."

"ಭಲೇ. ಗೆದ್ದವರಿಗೆ?"

"ಹನ್ನೊಂದು."

ನಾನು ಮನೆಯಲ್ಲೆಲ್ಲ ಓಡಾಡಿ, ಬೀದಿಯ ಎದುರು ಮನೆಯವರಿಗೂ ಹೇಳಿ ಬಂದ ಮೇಲೆ ಮಗಳು ಬಿಡಿಸಿ ಹೇಳಿದಳು. ಆ ಆಟದಲ್ಲಿ ಮೊದಲು ಬಂದವರಿಗೆ ಒಂದು ಪಾಯಿಂಟು, ಎರಡನೆಯವರಿಗೆ ಎರಡು, ಹೀಗೆ. ಯಾರ ಮೊತ್ತ ಕಡಿಮೆಯೋ ಅವರು ಮೇಲೆ. ಹೊರಟು ಗುರಿ ಮುಟ್ಟದವರಿಗೆ ಒಟ್ಟು ದೋಣಿಗಳಿಗಿಂತ ಒಂದು ಹೆಚ್ಚು. ಗಾಳಿಯನ್ನು ನಂಬುವಂತಿಲ್ಲವಾದ್ದರಿಂದ ಒಂದೇ ಪಂದ್ಯದಲ್ಲಿ ತೀರ್ಮಾನವಿಲ್ಲ, ಹಲವು ಪಂದ್ಯ ನಡೆಸಿ ಕೂಡುತ್ತಾರೆ. ಕೂಡುವ ಮೊದಲು ಪ್ರತಿಯೊಬ್ಬರ ಅತಿ ಕೆಟ್ಟ ಪಂದ್ಯ ಒಂದನ್ನು ತೆಗೆದುಹಾಕುತ್ತಾರೆ. ವರ್ಷದ ರ‍್ಯಾಂಕು ಕಟ್ಟುವಾಗಲೂ ಅಷ್ಟೇ, ಆಡಿದ್ದನ್ನೆಲ್ಲ ಹಿಡಿಯುವುದಿಲ್ಲ, ಚೆನ್ನಾಗಿ ಆಡಿದ ಕೆಲವನ್ನು ಮಾತ್ರ ಹಿಡಿಯುತ್ತಾರೆ.

ಆ ಕೆಟ್ಟದ್ದೊಂದನ್ನು ತೆಗೆದುಹಾಕುವ ನಿಯಮ ನನ್ನ ಮನಸ್ಸಿಗೆ ಬಹಳ ಹಿಡಿಸಿತು. ಇಷ್ಟು ಕರುಣೆಯ ಲೆಕ್ಕವನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಸಂಸಾರದಲ್ಲೂ ಹೀಗೆ ಮಾಡಿದರೆ ಎಷ್ಟು ಚೆನ್ನ ಎಂದು ಹೆಂಡತಿಗೆ ಹೇಳಿದೆ. ಅವಳು ಕರಿಬೇವು ಬಿಡಿಸುತ್ತ, "ನಿಮ್ದು ಒಂದನ್ನ ತೆಗೆದ್ರೆ ಸಾಲಲ್ಲ ಬಿಡಿ" ಎಂದಳು.

ಹೊಸದಾಗಿ ಏನಾದರೂ ತಿಳಿದುಕೊಂಡ ಮುದುಕನಷ್ಟು ಅಪಾಯದ ಮನುಷ್ಯ ಇನ್ನೊಬ್ಬನಿಲ್ಲ. ಆ ವರ್ಷ ಆಡಿ ಹದಿನೆಂಟಕ್ಕೆ, ಎಂದರೆ ತಮಿಳರ ಆಡಿ ತಿಂಗಳ ಹದಿನೆಂಟರ ಹೊಳೆ ಹಬ್ಬಕ್ಕೆ, ಹೆಂಡತಿಯ ತವರಿಗೆ ಹೋಗುವಾಗ ಈ ಲೆಕ್ಕವನ್ನೂ ಜೊತೆಗೆ ಕಟ್ಟಿಕೊಂಡು ಹೋದೆ. ಅವಳ ತವರು ಮೆಟ್ಟೂರು ಅಣೆಕಟ್ಟಿನ ಹಿನ್ನೀರ ದಡದ ಒಂದು ಕನ್ನಡದ ಊರು. ಅವಳ ಅಣ್ಣ, ಎಂದರೆ ನನ್ನ ಭಾವ, ಅಲ್ಲಿ ಹರಿಗೋಲು ಹಾಕಿ ಮೀನು ಹಿಡಿಯುತ್ತಿದ್ದ, ಜೊತೆಗೆ ಸ್ವಲ್ಪ ರಾಗಿ ಬೆಳೆಯುತ್ತಿದ್ದ. ಹರಿಗೋಲಿಗೆ ಅವರೆಲ್ಲ ಪರಿಸಲ್ ಎನ್ನುತ್ತಾರೆ. ಆಡಿ ಹದಿನೆಂಟರಂದು ಊರ ಹೆಂಗಸರು ಕುಡಿಕೆಗಳಲ್ಲಿ ಬೆಳೆಸಿದ ಮೊಳಕೆ ಪೈರನ್ನು ನಡುನೀರಿಗೆ ಒಯ್ದು ಬಿಡುತ್ತಾರೆ. ಎಲ್ಲರ ಕುಡಿಕೆಯೂ ಒಂದೇ ಪರಿಸಲಿನಲ್ಲಿ ಹೋಗುತ್ತದೆ. ಹಬ್ಬಕ್ಕೆ ನಡೆಯುವ ಪರಿಸಲ್ ಪಂದ್ಯದಲ್ಲಿ ಗೆದ್ದವನದು ಅದು. ಅದರಲ್ಲಿ ಕುಡಿಕೆಗಳ ನಡುವೆ ಕೂತು ಹೋಗುವ ಹೆಂಗಸು ಒಬ್ಬಳೇ, ಗೆದ್ದವನ ಹೆಂಡತಿ.

ಭಾವ ಯಾವತ್ತೂ ಗೆದ್ದವನಲ್ಲ. ಯಾವಾಗಲೂ ಎರಡನೆಯವನು. ಪಕ್ಕದ ಪರಿಸಲಿಗೆ ಗುದ್ದಿ ಅದನ್ನು ಬುಗುರಿಯಂತೆ ತಿರುಗಿಸಿ ಮುಂದೆ ಹೋಗುವುದು ಅಲ್ಲಿಯ ರೂಢಿ, ಅದು ಅವನಿಗೆ ಒಗ್ಗುತ್ತಿರಲಿಲ್ಲ. ಅವನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಆ ಸಲ ಹೋದಾಗ ಆಕೆ ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಕುಡಿಕೆಗೆ ನೀರು ಚಿಮುಕಿಸುತ್ತ, "ಒಂದ್ ಸಲ ನಮ್ ಪರಿಸಲ್ನಾಗೇ ಕುಂತ್ಕಂಡು ಓಗ್ಬೇಕು ನೋಡಪ್ಪ. ವರ್ಸಾವರ್ಸಾ ನನ್ ಕುಡ್ಕೆ ಬ್ಯಾರೇವ್ರ ಮಡ್ಲಾಗೇ ಓಯ್ತದೆ" ಎಂದಳು.

ಅದನ್ನು ಕೇಳಿದಾಗಲೇ ನನಗೆ ಹೊಳೆದದ್ದು. ಯಾವಾಗಲೂ ಎರಡನೆಯವನಾಗಿ ಬರುವವನನ್ನು ಗೆಲ್ಲಿಸುವ ಲೆಕ್ಕವೊಂದಿದ್ದರೆ ಅದು ಹಾಯಿದೋಣಿಯವರ ಲೆಕ್ಕವೇ. ಒಂದೇ ಪಂದ್ಯದ ಬದಲು ಐದು ನಡೆಸಿ ಕೂಡೋಣ ಎಂದು ಊರವರಿಗೆ ಹೇಳಿದೆ. ಪ್ರತಿ ವರ್ಷ ಗುದ್ದಾಟದಲ್ಲಿ ಮುಗಿಯುತ್ತಿದ್ದುದರಿಂದ ಅವರೂ ಒಪ್ಪಿದರು. ತೀರ್ಪುಗಾರನೂ ನಾನೇ ಆದೆ. ಹೊಂಗೆ ಮರದಡಿ ಕರಿಹಲಗೆ ನಿಲ್ಲಿಸಿಕೊಂಡು ವಿವರಿಸತೊಡಗಿದೆ.

"ಮೊದ್ಲು ಬಂದೋನ್ಗೆ ಒಂದು, ಕಡೇಲಿ ಬಂದೋನ್ಗೆ ಆರಾ?" ಎಂದ ಒಬ್ಬ. "ಅಂಗಾದ್ರೆ ನಮ್ ಹುಡುಗ ಪರೀಕ್ಸೇಲಿ ಚೆನ್ನಾಗೇ ಮಾಡವ್ನೆ ಅನ್ನು. ಸುಮ್ಕೆ ಹೊಡ್ದ್ಬುಟ್ಟೆ."

ಒಬ್ಬ ಅಜ್ಜಿ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ, "ಕಮ್ಮಿ ಇದ್ದೋನು ಗೆದ್ದಂಗೆ ಅಂತೀಯ. ನೀರ್ಗೇ ಇಳೀದೆ ಮನೇಲಿ ಮಲ್ಗಿರೋನ್ಗೆ ಸೊನ್ನೆ ಅಲ್ವಾ ಸಾಮಿ? ಅವ್ನೇ ಗೆದ್ನಲ್ಲ" ಎಂದಳು.

ಮಲಗಿರುವವನಿಗೆ ಏಳು ಪಾಯಿಂಟು ಎಂದು ಅವಳಿಗೆ ಒಪ್ಪಿಸುವ ಹೊತ್ತಿಗೆ ನನ್ನ ಗಂಟಲು ಒಣಗಿತ್ತು. ಮಲಗಿದ್ದಕ್ಕೆ ಇಷ್ಟೊಂದು ಕೊಡುವ ಊರು ಯಾವುದು, ತಾನೂ ಹೋಗುತ್ತೇನೆ ಎಂದಳು. ಕೆಟ್ಟ ಪಂದ್ಯವೊಂದನ್ನು ತೆಗೆದುಹಾಕುವ ಮಾತು ಇನ್ನೂ ಉಳಿದಿತ್ತು. ಕೂಡುವ ದಿನ ಹೇಳಿದರಾಯಿತು ಎಂದು ಅದನ್ನು ಮುಂದೂಡಿದೆ. ಎಲ್ಲ ಕೆಟ್ಟದ್ದೂ ಆ ಮುಂದೂಡಿಕೆಯಿಂದಲೇ ಶುರುವಾಯಿತು.

ಆರು ಪರಿಸಲ್‌ಗಳು ಇಳಿದವು. ಮೇಲಿನಿಂದ ನೀರು ಬಂದು ಹಿನ್ನೀರು ತುಂಬಿಕೊಂಡಿತ್ತು. ನಾಲ್ಕು ಪಂದ್ಯ ಮುಗಿದಾಗ ಭಾವನದು ಎರಡು, ಎರಡು, ಒಂದು, ಎರಡು. ಒಟ್ಟು ಏಳು. ಅವನ ಹತ್ತಿರ ಇದ್ದವನು ಆಚೆ ಬೀದಿಯ ಒಬ್ಬ ಗಟ್ಟಿ ಆಳು, ಅವನದು ಹತ್ತು. ಐದನೆಯದರಲ್ಲಿ ಭಾವ ಸುಮ್ಮನೆ ತನ್ನ ಎರಡನೆಯ ಸ್ಥಾನಕ್ಕೆ ಬಂದರೂ ಸಾಕಿತ್ತು. ಅಕ್ಕ ಆಗಲೇ ಹೊಸ ಸೀರೆ ಉಟ್ಟು ಕುಡಿಕೆ ಹಿಡಿದು ದಡಕ್ಕೆ ಬಂದು ಕೂತಿದ್ದಳು.

ಪರಿಸಲ್‌ಗಳು ಸುತ್ತಿ ಬರಬೇಕಾದ ಗುರುತಿಗೆ ನೀರಲ್ಲಿ ಒಂದು ನೀಲಿ ಡ್ರಮ್ ಕಟ್ಟಿದ್ದೆವು. ಸರಿಯಾಗಿ ಸುತ್ತುತ್ತಾರೋ ಇಲ್ಲವೋ ಹತ್ತಿರದಿಂದ ನೋಡಬೇಕೆಂದು ನಾನೊಂದು ಹಳೆಯ ಪರಿಸಲಿನಲ್ಲಿ ವಿಸಲ್ ಬಾಯಲ್ಲಿಟ್ಟುಕೊಂಡು ಕೂತು ಆ ಡ್ರಮ್ಮಿಗೆ ಕಟ್ಟಿಸಿಕೊಂಡಿದ್ದೆ. ಕಟ್ಟಿಹೋದವನು ತಾನೂ ಪಂದ್ಯಕ್ಕೆ ಇಳಿದಿದ್ದರಿಂದ ನಾನು ಒಬ್ಬನೇ. ಪರಿಸಲಿನಲ್ಲಿ ಎದ್ದು ನಿಲ್ಲಬೇಡ ಎಂದು ಭಾವ ಎರಡು ಸಲ ಹೇಳಿದ್ದ. ಆರು ಪರಿಸಲ್‌ಗಳು ಬರುವುದು ಕಂಡಿತು. ಮುಂದಿದ್ದವನು ಭಾವ. ನಾನು ಎದ್ದು ನಿಂತೆ.

ನನಗೆ ಈಜು ಬರುವುದಿಲ್ಲ. ನೀರಿನೊಳಗೆ ಏನು ಯೋಚಿಸಿದೆ ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ, ಆದರೆ ನಾನು ಏನೂ ಯೋಚಿಸಲಿಲ್ಲ. ಮೇಲೆ ಬಂದಾಗ ಒಂದು ಕೈ ನನ್ನ ಅಂಗಿಯ ಕಾಲರು ಹಿಡಿದಿತ್ತು.

"ಅಂಚು ಇಡ್ಕ ಮಾಪ್ಳೆ. ಕಾಲಾಡಿಸ್ಬ್ಯಾಡ" ಎಂದ ಭಾವ. ತಂಗಿಯ ಗಂಡನಾದ ನನ್ನನ್ನು ಅವನು ಕರೆಯುವುದೇ ಹಾಗೆ, ತಮಿಳಿನಲ್ಲಿ. ಉಳಿದ ಐವರು ನಮ್ಮನ್ನು ದಾಟಿ ಹೋದರು. ನನ್ನನ್ನು ಗೋಣಿಚೀಲದಂತೆ ಒಳಗೆಳೆದುಕೊಂಡ ಮೇಲೆ ಅವನು ನನ್ನ ಮುಖ ನೋಡಿ, "ವಿಸಲ್ ಬಾಯಾಗೇ ಐತಲ್ಲ. ಊದಿದ್ರೆ ಇನ್ನೂ ಬಿರ್ನೆ ಬತ್ತಿದ್ದೆ" ಎಂದ.

ದಡಕ್ಕೆ ಬಂದಾಗ ನನ್ನ ಪಂಚೆ ನನಗಿಂತ ಮೊದಲೇ ಅಲ್ಲಿಗೆ ತೇಲಿ ಬಂದಿತ್ತು. "ಪಂಚೆಗೆ ಒಂದು ಪಾಯಿಂಟು ಆಕಿ ಸಾರ್, ಪಂಚೆನೇ ಫಸ್ಟು" ಎಂದು ಯಾರೋ ಕೂಗಿದರು. ಊರಿಗೆ ಊರೇ ನಕ್ಕಿತು. ಆ ಅಜ್ಜಿ, "ಮುಳ್ಗಿದೋನ್ಗೆ ಎಷ್ಟು ಸಾಮಿ? ಏಳಾ ಎಂಟಾ?" ಎಂದು ಕೇಳಿದಳು. ಇಂದು ನೆನೆದರೆ ನನಗೂ ನಗು ಬರುತ್ತದೆ. ಅಂದು ಬರಲಿಲ್ಲ. ಯಾರದೋ ಟವೆಲ್ ಸುತ್ತಿಕೊಂಡು ಹಲಗೆಯ ಮುಂದೆ ನಿಂತೆ. ಗಟ್ಟಿ ಆಳು ಐದನೆಯದರಲ್ಲಿ ಮೊದಲು ಬಂದಿದ್ದ. ಅವನ ಮೊತ್ತ ಹನ್ನೊಂದು. ಭಾವ ಗುರಿ ಮುಟ್ಟಿರಲಿಲ್ಲ, ಅವನಿಗೆ ಏಳು ಸೇರಿ ಹದಿನಾಲ್ಕು.

ಈಗ ನಾನು ಮೈಕು ಹಿಡಿದು ಹೇಳಬೇಕಾದ ಮಾತು ಒಂದೇ ಇತ್ತು. ಎಲ್ಲರದೂ ಕೆಟ್ಟ ಪಂದ್ಯ ಒಂದನ್ನು ತೆಗೆಯಬೇಕು. ತೆಗೆದರೆ ಭಾವನದು ಏಳು, ಆಳಿನದು ಎಂಟು. ಅದೂ ಸಾಲದಿದ್ದರೆ, ಆಪತ್ತಿನಲ್ಲಿರುವವನಿಗೆ ನೆರವಾಗಲು ಹೋದವನಿಗೆ ನಷ್ಟವಾಗದಂತೆ ಸರಿಮಾಡಿಕೊಡುವ ನಿಯಮವೂ ಆ ಆಟದಲ್ಲಿದೆ. ಅದನ್ನೂ ನಿಲಾ ಹೇಳಿದ್ದಳು. ಆದರೆ ಹೇಳಹೊರಟರೆ ಆ ಏಳು ಎಲ್ಲಿಂದ ಬಂತೆಂದು ಹೇಳಬೇಕು, ನಾನು ಬಿದ್ದದ್ದನ್ನು ನನ್ನ ಬಾಯಿಂದಲೇ ಮೈಕಿನಲ್ಲಿ ಇನ್ನೊಮ್ಮೆ ಹೇಳಬೇಕು. ಅವರು ಇನ್ನೊಮ್ಮೆ ನಗುತ್ತಾರೆ. ಬಿದ್ದ ಮೇಲೆ ಹೊಸ ನಿಯಮ ಹುಟ್ಟಿಸಿ ಭಾವನನ್ನು ಗೆಲ್ಲಿಸಿದ ಎಂದೂ ಅನ್ನುತ್ತಾರೆ. ಇಷ್ಟೇ ಕಾರಣ, ಇದಕ್ಕಿಂತ ದೊಡ್ಡದೇನೂ ಇರಲಿಲ್ಲ. ಹನ್ನೊಂದು, ಹದಿನಾಲ್ಕು ಎಂದು ಓದಿ ಮೈಕು ಕೆಳಗಿಟ್ಟೆ.

ಭಾವ ಹಲಗೆಯನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ನನ್ನನ್ನು ನೋಡಿದ. "ಸರಿ ಮಾಪ್ಳೆ. ನೀ ಓಗಿ ಒಣ್ಗಿದ್ ಬಟ್ಟೆ ಆಕ್ಕ" ಎಂದ. ಅಕ್ಕ ನಿಧಾನಕ್ಕೆ ಎದ್ದು ಹೋಗಿ ತನ್ನ ಕುಡಿಕೆಯನ್ನು ಆ ಆಳಿನ ಹೆಂಡತಿಯ ಕೈಗೆ ಕೊಟ್ಟು ಬಂದಳು. ನನ್ನ ಪಕ್ಕ ನಿಂತು, "ಕಮ್ಮಿ ಇದ್ದೋರು ಗೆಲ್ತಾರೆ ಅಂದ್ಯಲ್ಲಪ್ಪ. ನಾವು ಯಾವಾಗ್ಲೂ ಕಮ್ಮೀನೇ. ಅದ್ಕೇ ಈ ಸಲ ಸಿಕ್ತದೆ ಅನ್ಕಂಡಿದ್ದೆ" ಎಂದು ನಕ್ಕಳು. ಕಣ್ಣಿಗೆ ಕೈ ಅಡ್ಡ ಹಿಡಿದು ಆ ಪರಿಸಲ್ ಡ್ರಮ್ಮನ್ನು ದಾಟುವವರೆಗೂ ನೋಡುತ್ತಿದ್ದಳು. ಮುಂದಿನ ವರ್ಷ ಸರಿಮಾಡೋಣ ಎಂದುಕೊಂಡೆ. ಅದೇ ವರ್ಷ ಮಾರ್ಗಳಿಯಲ್ಲಿ, ಎಂದರೆ ಧನುರ್ಮಾಸದಲ್ಲಿ, ಅಕ್ಕ ತೀರಿಕೊಂಡಳು. ಮುಂದಿನ ಆಡಿಗೆ ಹೋದಾಗ ಭಾವನ ಪರಿಸಲ್ ಹಿತ್ತಿಲಲ್ಲಿ ಬೋರಲಾಗಿ ಬಿದ್ದಿತ್ತು, ಅದರಡಿ ಕೋಳಿಗಳು ಕೂತಿದ್ದವು. ಮತ್ತೆ ಅವನು ಪಂದ್ಯಕ್ಕೆ ಇಳಿಯಲಿಲ್ಲ.

ಈ ಬೇಸಿಗೆಯಲ್ಲಿ ನಿಲಾ ರಜೆಗೆ ಬಂದಿದ್ದಳು. ಈಗ ಅವಳ ಹೆಸರು ರ‍್ಯಾಂಕಿನ ಪಟ್ಟಿಯಲ್ಲಿ ಸಾಕಷ್ಟು ಮೇಲೇ ಇದೆ. ಮಾತಿನ ನಡುವೆ ಏನೂ ಗೊತ್ತಿಲ್ಲದವನಂತೆ, "ಆ ಕೆಟ್ಟ ಪಂದ್ಯ ತೆಗೀತಾರಲ್ಲ, ಯಾವುದನ್ನು ಬೇಕಾದ್ರೂ ತೆಗೀಬಹುದಾ?" ಎಂದು ಕೇಳಿದೆ.

"ಎಲ್ಲಾನೂ ಇಲ್ಲ ತಾತ. ಸೋತಿದ್ದು, ಮುಗಿಸದೇ ಇದ್ದಿದ್ದು, ಅದೆಲ್ಲ ತೆಗೀಬಹುದು. ಬೇಕೂಂತ ಅನ್ಯಾಯ ಮಾಡಿ ಹೊರಗೆ ಹಾಕಿದ್ರೆ ಅದನ್ನ ತೆಗೆಯಕ್ಕಾಗಲ್ಲ. ಅದು ಕೂಡಿಕೊಂಡೇ ಇರುತ್ತೆ." ಆಮೇಲೆ ಅವಳೇ ಹೇಳಿದಳು, "ಪರಿಸಲ್ ತಾತನಿಗೆ ಆವಾಗ್ಲೇ ಎಲ್ಲಾ ರೂಲ್ಸೂ ಫೋನಲ್ಲಿ ಹೇಳಿಕೊಟ್ಟಿದ್ದೆ. ನಿಮ್ಮ ರೇಸ್ ಶುರುವಾಗೋ ಮುಂಚೆ. ಕೆಟ್ಟದ್ದೊಂದನ್ನ ಡಿಸ್ಕಾರ್ಡ್ ಮಾಡೋದು, ಹೆಲ್ಪ್ ಮಾಡಿದ್ರೆ ಏನು, ಎಲ್ಲಾ. ನಿಮಗಿಂತ ಬೇಗ ಅರ್ಥ ಮಾಡ್ಕೊಂಡ್ರು ತಾತ."

ಎಂದರೆ ಹಲಗೆಯ ಮುಂದೆ ನಿಂತಾಗ ಭಾವನಿಗೆ ಎಲ್ಲ ಗೊತ್ತಿತ್ತು. ತಾನು ಗೆದ್ದದ್ದು ಗೊತ್ತಿತ್ತು. ಒಂದು ಮಾತು ಎತ್ತಿದ್ದರೆ ಟವೆಲ್ ಸುತ್ತಿಕೊಂಡಿದ್ದ ನಾನು ಊರ ಮುಂದೆ ಇನ್ನಷ್ಟು ಸಣ್ಣವನಾಗುತ್ತಿದ್ದೆ. ಅದಕ್ಕೇ, ಒಣಗಿದ ಬಟ್ಟೆ ಹಾಕಿಕೋ ಎಂದ. ಆ ದಿನ ಎರಡನೆಯ ಸಲ ಅವನು ನನ್ನನ್ನು ನೀರಿನಿಂದ ಎತ್ತಿದ್ದು ನನಗೆ ತಿಳಿಯಲೇ ಇಲ್ಲ.

ಮರುದಿನವೇ ಬಸ್ಸು ಹತ್ತಿ ಹೋದೆ. ಭಾವ ಮುದ್ದೆ ಬಡಿಸಿ ಮೀನುಸಾರು ಹಾಕಿದ. ನಾನು, "ಭಾವ, ಆವತ್ತು ಆ ಪಂದ್ಯದಾಗೆ..." ಎಂದು ಬಾಯಿ ತೆಗೆದೆ. ಅವನು, "ಮುಳ್ಳೈತೆ, ನೋಡ್ಕಂಡ್ ತಿನ್ನು ಮಾಪ್ಳೆ" ಎಂದ. ನಾನು ನೋಡಿಕೊಂಡು ತಿಂದೆ. ಸಾಯಂಕಾಲದ ಬಸ್ಸಿಗೆ ವಾಪಸು ಬಂದೆ.

ಅದಕ್ಕೇ ಈಗ ಇದನ್ನು ಬರೆದಿದ್ದೇನೆ. ಬರೆದು ಮುಗಿಸಿ ಹಗುರಾಯಿತು ಎಂದುಕೊಳ್ಳುವಷ್ಟರಲ್ಲಿ ನನ್ನ ಜಾಣತನ ನನಗೇ ಕಂಡಿತು. ನಾನು ಹೈಸ್ಕೂಲು ಓದಿದ್ದು ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿ, ಆದ್ದರಿಂದ ಕನ್ನಡ ಬರೆಯಬಲ್ಲೆ. ಭಾವ ಹುಟ್ಟಿದಂದಿನಿಂದ ಕನ್ನಡ ಆಡುತ್ತಾನೆ, ಆದರೆ ಓದಲು ಬರುವುದು ತಮಿಳು ಮಾತ್ರ. ನನ್ನ ಹೆಂಡತಿಗೂ ಅಷ್ಟೇ. ನಿಲಾಗೆ ಅದೂ ಅಷ್ಟಕ್ಕಷ್ಟೇ. ಈ ಪ್ರಪಂಚದಲ್ಲಿ ಯಾರು ಇದನ್ನು ಓದಬೇಕಿತ್ತೋ ಅವರಲ್ಲಿ ಒಬ್ಬರೂ ಓದಲಾರದ ಲಿಪಿಯನ್ನು ಹುಡುಕಿ ತಪ್ಪೊಪ್ಪಿಕೊಂಡಿದ್ದೇನೆ. ತೆಗೆದುಹಾಕಲಾಗದ ಪಂದ್ಯಕ್ಕೆ ಇನ್ನೊಂದು ಸೇರಿತು. ನಿಮ್ಮಲ್ಲಿ ಯಾರಾದರೂ ಆ ಕಡೆ ಹೋದರೆ, ಹಿನ್ನೀರ ದಡದಲ್ಲಿ ಬೋರಲು ಹಾಕಿದ ಪರಿಸಲ್ ಇರುವ ಹಿತ್ತಿಲನ್ನು ಹುಡುಕಿ, ದಯವಿಟ್ಟು ಇದನ್ನು ಗಟ್ಟಿಯಾಗಿ ಓದಿ ಹೇಳಿ. ಅವನ ಹೆಸರು ಮಾದೇಶ.