ಹತ್ತು ನಿಂಬೆಹಣ್ಣು, ಏಳು ಲೋಟ

ಹತ್ತು ನಿಂಬೆಹಣ್ಣು ಹಿಂಡುವುದಕ್ಕೆ ಒಬ್ಬ ಮನುಷ್ಯನಿಗೆ ಎಷ್ಟು ಹೊತ್ತು ಬೇಕು, ನೀವೇ ಹೇಳಿ. ಬಸ್ ಡಿಪೋದಲ್ಲಿ ಹದಿನೆಂಟು ವರ್ಷದಿಂದ ವೇಳಾಪಟ್ಟಿ ಬರೆಯುತ್ತಿರುವ ನನ್ನ ಅಂದಾಜಿನಲ್ಲಿ ಎಂಟು ನಿಮಿಷ. (ರಸ ಕಣ್ಣಿಗೆ ಹಾರಿದರೆ ಒಂಬತ್ತು.) ನಮ್ಮ ಯಜಮಾನರು ಒಂದು ಗಂಟೆ ಹತ್ತು ನಿಮಿಷ ತೆಗೆದುಕೊಂಡು ಹಿಂಡಿದ್ದು ಐದು. ಅವರದು ಪಿಯಾನೊಗಳಿಗೆ ಶ್ರುತಿ ಮಾಡುವ ಕೆಲಸ. ಒಂದು ಸ್ವರ ಸರಿಹೋಗುವವರೆಗೆ ಅದನ್ನೇ ಮುನ್ನೂರು ಸಲ ಬಾರಿಸುವ ಆಸಾಮಿ. ಇಂಥವರ ಕೈಗೆ ನಿಂಬೆಹಣ್ಣು ಕೊಟ್ಟ ನನ್ನ ಬುದ್ಧಿಗೆ ಏನು ಹೇಳಲಿ.

ಅದೂ ಅಂಥ ದಿನ. ನಾಲ್ಕೂವರೆಗೆ ನನ್ನ ಅಕ್ಕ ಬರುವವಳಿದ್ದಳು. ನಾವಿಬ್ಬರೂ ಮಾತು ಬಿಟ್ಟು ಮೂರು ವರ್ಷವಾಗಿತ್ತು, ಕಾರಣ ಶರಬತ್ತು. ಅವಳ ಮನೆಯಲ್ಲಿ ಹದಿನೈದು ಜನರ ಮುಂದೆ ನಾನು ಮಾಡಿದ ನಿಂಬೆ ಶರಬತ್ತನ್ನು ಒಂದು ಗುಟುಕು ಕುಡಿದು, ಕಹಿಯಾಗಿದೆ ಎಂದು ಲೋಟ ಕೆಳಗಿಟ್ಟಿದ್ದಳು. ಕಹಿಯಾಗಿರಲಿಲ್ಲ. ಆಗಿದ್ದರೂ ಅದು ಹಣ್ಣಿನ ತಪ್ಪು. ನಾನು ಅಂದೇ ಕೈಚೀಲ ಎತ್ತಿಕೊಂಡು ಹೊರಟುಬಂದಿದ್ದೆ. ಈಗ ಅವಳಾಗಿಯೇ ಫೋನ್ ಮಾಡಿ, ನಿನ್ನ ನೋಡಬೇಕು ಅನ್ನಿಸುತ್ತಿದೆ ಅಂದಿದ್ದಳು. ನನಗೂ ಅನ್ನಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಮೊದಲು ಅವಳು ನನ್ನ ಶರಬತ್ತು ಕುಡಿದು ಚೆನ್ನಾಗಿದೆ ಅನ್ನಬೇಕು, ಅಕ್ಕ ತಂಗಿ ಎಲ್ಲ ಆಮೇಲೆ.

ನಾನು ಹಜಾರ ಗುಡಿಸಿ ಒರೆಸುವುದರೊಳಗೆ ಹಣ್ಣು ಹಿಂಡಿಡಿ ಎಂದು ಇವರಿಗೆ ಹೇಳಿದ್ದೆ. ಇವರು ಮೇಜಿನ ಮೇಲೆ ಮೆಟ್ರೊನೋಮ್ ತಂದಿಟ್ಟುಕೊಂಡರು. ತಾಳ ತಪ್ಪದೆ ಟಿಕ್ ಟಿಕ್ ಎಂದು ಜೀವ ತಿನ್ನುವ ಯಂತ್ರ ಅದು. ನಾಲ್ಕು ಟಿಕ್ಕಿಗೆ ಹಣ್ಣನ್ನು ಅಂಗೈಯಲ್ಲಿ ಒಂದು ಸಲ ಉರುಳಿಸುವುದು, ಎಂಟು ಟಿಕ್ಕಿಗೆ ಒಂದು ಬೀಜ ತೆಗೆಯುವುದು. ನಡುವೆ ಉಪನ್ಯಾಸ. ಹಿಂದೆ ಹಡಗಿನಲ್ಲಿ ವಸಡು ಕೊಳೆತು ಸಾಯುತ್ತಿದ್ದ ನಾವಿಕರನ್ನು ಬದುಕಿಸಿದ್ದು ನಿಂಬೆಹಣ್ಣಂತೆ. ಮುನ್ನೂರೈವತ್ತು ವರ್ಷದ ಕೆಳಗೆ ಪ್ಯಾರಿಸ್ಸಿನ ಬೀದಿಗಳಲ್ಲಿ ಶರಬತ್ತಿನ ತೊಟ್ಟಿಯನ್ನು ಬೆನ್ನಿಗೆ ಕಟ್ಟಿಕೊಂಡು ಮಾರುತ್ತಿದ್ದರಂತೆ. (ನಾನೂ ಇಪ್ಪತ್ತೆರಡು ವರ್ಷದಿಂದ ಬೆನ್ನಿಗೊಂದು ಹೊರೆ ಕಟ್ಟಿಕೊಂಡಿದ್ದೇನೆ. ಅವರ ಹೊರೆ ಪುಣ್ಯಕ್ಕೆ ಮಾತಾಡುತ್ತಿರಲಿಲ್ಲ.)

ನಾಲ್ಕೂ ಇಪ್ಪತ್ತಕ್ಕೆ ಅಡುಗೆಮನೆಗೆ ಹೋದರೆ ನನಗೆ ಪಿತ್ತ ನೆತ್ತಿಗೇರಿತು. ಹಿಂಡಿದ ಐದು ಹಣ್ಣಿಗೆ ನೀರು ಸಕ್ಕರೆ ಬೆರೆಸಿ ಏಳು ಗಾಜಿನ ಲೋಟಕ್ಕೆ ಹಾಕಿದ್ದಾರೆ, ಒಂದೊಂದರಲ್ಲಿ ಒಂದೊಂದು ಮಟ್ಟಕ್ಕೆ. ಚಮಚದಿಂದ ತಟ್ಟುವುದು, ಎರಡು ತೊಟ್ಟು ಸುರಿಯುವುದು, ಕಿವಿಗೊಟ್ಟು ಕೇಳುವುದು, ಒಂದು ತೊಟ್ಟು ತೆಗೆಯುವುದು. ಸ ರಿ ಗ ಮ ಪ ಮುಗಿದು ‘ಧ’ ನಡೆಯುತ್ತಿತ್ತು.

"ರೀ, ಅವಳು ಕುಡಿಯೋಕೆ ಬರ್ತಿದಾಳೆ, ಕೇಳೋಕಲ್ಲ."

"ಒಂದೇ ನಿಮಿಷ ಕಣೇ, ‘ನಿ’ ಒಂದು ಉಳಿದಿದೆ. ಇನ್ನೂರೈವತ್ತು ವರ್ಷದ ಹಿಂದೆ ಗಾಜಿನ ಬಟ್ಟಲುಗಳದ್ದೇ ಒಂದು ವಾದ್ಯ ಇತ್ತು ಗೊತ್ತಾ? ಅದನ್ನ ನುಡಿಸಿದವರಿಗೆ ಹುಚ್ಚು ಹಿಡಿಯುತ್ತೆ ಅಂತ ಜನ ಹೆದರ್ತಿದ್ರು."

ನುಡಿಸಿದವರಿಗಲ್ಲ, ಅವರನ್ನು ಮದುವೆಯಾದವರಿಗೆ ಹಿಡಿದಿರಬೇಕು. ನಾನು ಹಲ್ಲು ಕಡಿದುಕೊಂಡು ಉಳಿದ ಐದು ಹಣ್ಣನ್ನು ಎರಡೆರಡು ಹೋಳು ಮಾಡಿ, ಸಿಪ್ಪೆ ಬೀಜ ಸಮೇತ ಮಿಕ್ಸಿಗೆ ಹಾಕಿ ಗರ್ರೆನಿಸಿದೆ. ಸೋಸಿದೆ, ನೀರು ಸಕ್ಕರೆ ಸುರಿದೆ, ಜಗ್ಗಿಗೆ ತುಂಬಿದೆ. ನಾಲ್ಕು ನಿಮಿಷ. ಬೀಜ ತೆಗೆದರೇನು, ಸೋಸಿದರೇನು, ಎರಡೂ ಒಂದೇ ಅಲ್ಲವೇ?

ಅಕ್ಕ ನಾಲ್ಕೂವರೆಗೆ ಸರಿಯಾಗಿ ಬಂದಳು. ಕೂದಲು ಬೆಳ್ಳಗಾಗಿತ್ತು. ನಾನು ಮುಖ ಬಿಗಿದುಕೊಂಡೇ ಲೋಟ ಮುಂದಿಟ್ಟೆ. ಒಂದು ಗುಟುಕು ಕುಡಿದಳು. ಮೂರು ವರ್ಷದ ಹಿಂದಿನ ಅದೇ ಮುಖ ಮಾಡಿದಳು.

"ಬೀಜ ತೆಗೆದ್ಯಾ?"

"ಒಂದೊಂದಾಗಿ ತೆಗೆದೆ," ಅಂದೆ. (ತೆಗೆದಿದ್ದರಲ್ಲ, ಇವರು.)

ಅಷ್ಟರಲ್ಲಿ ಅಡುಗೆಮನೆಯಿಂದ ಟಿಣ್ ಟಿಣ್ ಎಂದು ಸ್ವರಗಳು ಹತ್ತಿ ಇಳಿದವು. ಅಕ್ಕ ಎದ್ದು ಹೋದಳು. ಇವರು, "ಅತ್ತಿಗೆ, ಇದು ‘ಸ’, ಎರಡು ಗುಟುಕು ಕುಡೀರಿ," ಅಂದರು. ಕುಡಿದಳು. ತಟ್ಟಿದರೆ ‘ರಿ’ ಬಂತು. ಇನ್ನೆರಡು ಗುಟುಕಿಗೆ ‘ಗ’. ಅಕ್ಕ ನಗುವುದಕ್ಕೆ ಶುರುಮಾಡಿದಳು. ಆ ನಗು ಕೇಳದೆ ಮೂರು ವರ್ಷವಾಗಿತ್ತು, ಅದು ಸಿಕ್ಕಿದ್ದು ಇವರಿಗೆ. ನನಗೆ ಮೈಯೆಲ್ಲ ಉರಿಯಿತು. ಅವಳು ಏಳು ಲೋಟವನ್ನೂ ಮುಗಿಸಿ, ಬಾಯಿ ಒರೆಸಿಕೊಂಡು, ಚೆನ್ನಾಗಿದೆ ಅಂದಳು. ಯಾರಿಗೆ ಅಂದಳು ಎಂದು ನಾನು ಹೇಳಬೇಕಾಗಿಲ್ಲ.

ನಾನು ಹಜಾರದಲ್ಲೇ ಕಂಬದ ಹಾಗೆ ನಿಂತಿದ್ದೆ. ಅವಳು ಬಂದು ಪಕ್ಕದಲ್ಲಿ ನಿಂತಳು.

"ನಂಗೆ ನಿನ್ನ ಮೇಲೆ ಯಾವತ್ತೂ ಸಿಟ್ಟಿರ್ಲಿಲ್ಲ ಕಣೇ. ಸಿಟ್ಟು ನಿಂದೇ. ನಾನಂದಿದ್ದು ಒಂದೇ ಮಾತು, ಕಹಿಯಾಗಿದೆ ಅಂತ. ಇವತ್ತೂ ಕಹಿಯಾಗಿದೆ."

ಕಹಿಯಾಗಿಲ್ಲ ಎಂದು ತೋರಿಸಲು ನನ್ನ ಲೋಟವನ್ನು ಒಂದೇ ಉಸಿರಿಗೆ ಕುಡಿದೆ. ನಾಲಿಗೆ ಮರಗಟ್ಟಿತು, ಕಣ್ಣಲ್ಲಿ ನೀರು ಬಂತು. ಅಕ್ಕ ಅದನ್ನು ಬೇರೆ ನೀರು ಅಂದುಕೊಂಡು ನನ್ನನ್ನು ತಬ್ಬಿಕೊಂಡಳು. ಅರ್ಧ ಬೇರೆ ನೀರೂ ಹೌದು. ಉಳಿದರ್ಧ ಸಿಪ್ಪೆಯದು.

ಈಗ ಪ್ರತಿ ಭಾನುವಾರ ಬರುತ್ತಾಳೆ. ಅವಳೂ ಇವರೂ ಹಜಾರದಲ್ಲಿ ಲೋಟಗಳ ಮುಂದೆ ಕೂರುತ್ತಾರೆ. ಇವರಿಗೆ ತಟ್ಟುವ ಕೆಲಸ, ಅವಳಿಗೆ ಕುಡಿಯುವ ಕೆಲಸ. ಅಡುಗೆಮನೆಯಲ್ಲಿ ನಾನು, ಹತ್ತು ಹಣ್ಣು, ಮತ್ತು ಆ ದರಿದ್ರ ಮೆಟ್ರೊನೋಮ್. ಮಿಕ್ಸಿಯನ್ನು ಅಕ್ಕ ತನ್ನ ಕೈಯಾರೆ ಅಟ್ಟಕ್ಕೆ ಏರಿಸಿದ್ದಾಳೆ. ಎಂಟು ಟಿಕ್ಕಿಗೆ ಒಂದು ಬೀಜದ ಹಾಗೆ, ಒಂದನ್ನೂ ಬಿಡದೆ ತೆಗೆಯುತ್ತೇನೆ. ಕಳೆದ ಭಾನುವಾರ ನಾಲ್ಕನೆಯ ಹಣ್ಣಿನಲ್ಲಿದ್ದೆ. ಅಕ್ಕ ಬಾಗಿಲಲ್ಲಿ ಇಣುಕಿದಳು, ಅವಳ ಹಿಂದೆ ಚಮಚ ಹಿಡಿದುಕೊಂಡು ಇವರು.

"‘ಸ’ ಖಾಲಿಯಾಗಿ ಕಾಲು ಗಂಟೆ ಆಯ್ತು," ಅಂದಳು. "ಹತ್ತು ಹಣ್ಣು ಹಿಂಡೋಕೆ ಎಷ್ಟೊತ್ತೇ ನಿಂಗೆ?"